‘ನೋ ಸಿಗ್ನಲ್’ ಎಂದರೆ ಮಾನಿಟರ್ ಕೆಟ್ಟಿದೆ ಎಂದಲ್ಲ

ಮಾನ್ಯ ಸಂಪಾದಕರೇ,

ನಾನು ಪುಸ್ತಕಗಳ ಅಕ್ಷರ ಜೋಡಿಸುವವಳು, ಕರಡು ತಿದ್ದುವವಳು. 26 ವರ್ಷಗಳಿಂದ ಇದೇ ನನ್ನ ಕೆಲಸ. ಗಾಜಿನ ಕೊಳವೆಯ ಭಾರವಾದ ಮಾನಿಟರ್‌ಗಳಿಂದ ಹಿಡಿದು ಈಗಿನ ತೆಳ್ಳನೆಯವುಗಳವರೆಗೆ ಏಳು ಪರದೆಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಸಾಧನಗಳ ಪರಿಚಯವನ್ನು ತಪ್ಪದೆ ಓದುತ್ತೇನೆ. ಈಗಾಗಲೇ ಮನೆಯಲ್ಲಿರುವ ಸಾಧನ ಮುಷ್ಕರ ಹೂಡಿದಾಗ ಏನು ಮಾಡಬೇಕು ಎಂಬುದಕ್ಕೂ ಅಲ್ಲಿ ಒಂದಿಷ್ಟು ಜಾಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಕಳೆದ ವರ್ಷ ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಡೆದದ್ದು ಇಷ್ಟು. ಮುನ್ನೂರು ಪುಟಗಳ ಪುಸ್ತಕವೊಂದರ ಕೊನೆಯ ಕರಡು ಕೈಯಲ್ಲಿತ್ತು. ಮರುದಿನ ಮುದ್ರಣಕ್ಕೆ ಹೋಗಬೇಕು. ರಾತ್ರಿ ಒಂಬತ್ತರ ಸುಮಾರಿಗೆ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಕಪ್ಪಿನ ಮೇಲೆ ಒಂದು ಪುಟ್ಟ ಚೌಕ ಅತ್ತಿಂದಿತ್ತ ತೇಲುತ್ತಿತ್ತು. ಅದರೊಳಗೆ ‘ನೋ ಸಿಗ್ನಲ್’ ಎಂಬ ಎರಡು ಇಂಗ್ಲಿಷ್ ಪದಗಳು. ಸ್ವಲ್ಪ ಹೊತ್ತಿಗೆ ಅದೂ ಮಾಯವಾಯಿತು. ದುರಸ್ತಿ ಮಾಡುವವರೊಬ್ಬರನ್ನು ಕರೆಸಿದೆ. ಅವರು ಗುಂಡಿಯನ್ನು ಎರಡು ಸಲ ಒತ್ತಿ ನೋಡಿ, ‘ಪ್ಯಾನೆಲ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂದರು. ಪ್ಯಾನೆಲ್ ಎಂದರೆ ಚಿತ್ರ ಮೂಡುವ ಹಲಗೆ. ಕೆಲಸ ನಿಲ್ಲುವ ಹಾಗಿರಲಿಲ್ಲ, ಆ ರಾತ್ರಿಯೇ ಹೊಸ ಮಾನಿಟರ್ ತರಿಸಿದೆ. ಮೇಜಿನ ಹಿಂದೆ ಹಳೆಯ ಕೇಬಲ್ ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು. ಅದನ್ನೇ ಹೊಸದಕ್ಕೆ ಸಿಕ್ಕಿಸಿದೆ. ಪರದೆ ಬೆಳಗಿತು. ಮರುದಿನ ಮಧ್ಯಾಹ್ನ ಕುರ್ಚಿ ಸರಿಸುವಾಗ ಕಾಲು ಮೇಜಿಗೆ ತಗಲಿತು. ಹೊಸ ಮಾನಿಟರ್ ಕೂಡ ಕಪ್ಪಾಯಿತು. ಅದೇ ಚೌಕ, ಅದೇ ಎರಡು ಪದ.

ಆಗ ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಗ್ಗಿದೆ. ಕೇಬಲ್ ಗೋಡೆಗೂ ಮೇಜಿನ ಕಾಲಿಗೂ ನಡುವೆ ಸಿಕ್ಕಿ, ಮಡಿಸಿದ ಹಾಳೆಯ ಹಾಗೆ ಚಪ್ಪಟೆಯಾಗಿತ್ತು. ಮಡಿಕೆ ಬಿದ್ದ ಕಡೆ ಮೇಲಿನ ಕಪ್ಪು ಹೊದಿಕೆ ಬಿರಿದು ಒಳಗಿನ ಬೆಳ್ಳಿಬಣ್ಣದ ಹೆಣಿಗೆ ಕಾಣುತ್ತಿತ್ತು. ಹೊಸ ಪೆಟ್ಟಿಗೆಯೊಳಗೆ ಬಂದಿದ್ದ ಬೇರೆ ಕೇಬಲ್ ಹಾಕಿದೆ, ಹೊಸ ಮಾನಿಟರ್ ಸರಿಹೋಯಿತು. ಮೂಲೆಯಲ್ಲಿ ಇಟ್ಟಿದ್ದ ಹಳೆಯದನ್ನು ತಂದು ಅದೇ ಕೇಬಲ್ ಸಿಕ್ಕಿಸಿದೆ, ಅದೂ ಬೆಳಗಿತು. ‘ಪ್ಯಾನೆಲ್ ಹೋಗಿದೆ’ ಎಂದಿದ್ದ ಆ ಮಾನಿಟರ್ ಮೇಲೆಯೇ ಇವತ್ತು ಈ ಪತ್ರವನ್ನು ಟೈಪ್ ಮಾಡುತ್ತಿದ್ದೇನೆ.

ಆ ಎರಡು ಪದಗಳ ಅರ್ಥವನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಆ ಖರ್ಚು ಉಳಿಯುತ್ತಿತ್ತು. ‘ನೋ ಸಿಗ್ನಲ್’ ಎಂಬುದನ್ನು ಬರೆಯುವುದು ಕಂಪ್ಯೂಟರ್ ಅಲ್ಲ, ಮಾನಿಟರ್ ತಾನೇ ಬರೆಯುತ್ತದೆ. ‘ನಾನು ಎಚ್ಚರವಾಗಿದ್ದೇನೆ, ಆ ಕಡೆಯಿಂದ ಚಿತ್ರ ಬರುತ್ತಿಲ್ಲ’ ಎಂದು ಅದು ಹೇಳುತ್ತಿದೆ. ಆ ಪದಗಳು ಸ್ಪಷ್ಟವಾಗಿ ಕಂಡವೆಂದರೆ ಮಾನಿಟರಿಗೆ ವಿದ್ಯುತ್ ಬಂದಿದೆ, ಹಿಂದಿನ ಬೆಳಕು ಉರಿಯುತ್ತಿದೆ, ಪ್ಯಾನೆಲ್ ಬರೆಯಬಲ್ಲದು ಎಂದಾಯಿತು. ಇನ್ನು ತೊಂದರೆ ಇರುವುದು ಕೇಬಲ್‌ನಲ್ಲಿ, ಕೇಬಲ್ ಕೂರುವ ಕಿಂಡಿಯಲ್ಲಿ, ಆರಿಸಿದ ಇನ್‌ಪುಟ್‌ನಲ್ಲಿ (ಯಾವ ಕಿಂಡಿಯ ಚಿತ್ರ ತೋರಿಸಬೇಕು ಎಂಬ ಆಯ್ಕೆಯಲ್ಲಿ), ಇಲ್ಲವೇ ಕಂಪ್ಯೂಟರಿನಲ್ಲಿ. ಪ್ಯಾನೆಲ್ ಹೋಗಿದ್ದರೆ ಆ ಮಾತನ್ನು ಅದು ಹೇಳುವುದಾದರೂ ಹೇಗೆ?

ಈಗ ನನ್ನನ್ನು ಯಾರಾದರೂ ‘ಮಾನಿಟರ್ ಕೆಟ್ಟಿತು’ ಎಂದು ಕರೆದರೆ ಮೊದಲು ಕೇಳುವುದು ಪರದೆಯ ಅಂಚಿನ ಪುಟ್ಟ ದೀಪದ ವಿಚಾರ. ದೀಪವೇ ಇಲ್ಲದಿದ್ದರೆ ವಿದ್ಯುತ್ ತಂತಿಯನ್ನೂ ಸ್ವಿಚ್ ಬೋರ್ಡನ್ನೂ ನೋಡಬೇಕು. ಮಾನಿಟರ್ ಹಿಂಬದಿಯಲ್ಲಿ ವಿದ್ಯುತ್ ತಂತಿ ಸಡಿಲವಾಗಿ ಅರ್ಧ ಹೊರಬಂದಿರುವುದನ್ನು ಎಷ್ಟು ಸಲ ಕಂಡಿದ್ದೇನೋ. ದೀಪ ಕಿತ್ತಳೆ ಬಣ್ಣದಲ್ಲಿದ್ದರೆ ಅಥವಾ ಮೆಲ್ಲಗೆ ಮಿಟುಕುತ್ತಿದ್ದರೆ ಬಹುತೇಕ ಮಾನಿಟರ್‌ಗಳಲ್ಲಿ ಅದು ನಿದ್ದೆಯ ಗುರುತು, ಚಿತ್ರಕ್ಕಾಗಿ ಕಾಯುತ್ತಿದೆ ಎಂದರ್ಥ. ಮುಂದಿನದು ಮಾನಿಟರ್‌ನ ಸ್ವಂತ ಮೆನು. ಅಂಚಿನಲ್ಲೋ ಕೆಳಗೋ ಇರುವ ಗುಂಡಿಗಳನ್ನು ಒತ್ತಿದರೆ ಬೆಳಕು, ಬಣ್ಣ, ಇನ್‌ಪುಟ್ ಆರಿಸುವ ಪಟ್ಟಿ ಬರುತ್ತದೆಯಲ್ಲ, ಅದನ್ನೂ ಮಾನಿಟರ್ ತಾನೇ ಬರೆಯುತ್ತದೆ. ಎಚ್‌ಡಿಎಂಐ, ವಿಜಿಎ ಎಂಬವು ಚಿತ್ರ ತರುವ ಕೇಬಲ್‌ಗಳ ಬಗೆಗಳು. ಕೇಬಲ್ ಎಚ್‌ಡಿಎಂಐ ಕಿಂಡಿಯಲ್ಲಿದ್ದು ಇನ್‌ಪುಟ್ ಮಾತ್ರ ವಿಜಿಎ ಎಂದು ಆಯ್ಕೆಯಾಗಿದ್ದರೆ ಎಲ್ಲವೂ ಸರಿಯಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಧೂಳು ಒರೆಸುವಾಗ ಆ ಗುಂಡಿ ಒತ್ತಿಹೋಗಿ ಒಂದು ದಿನವೆಲ್ಲ ಕೆಲಸ ನಿಂತ ಮನೆಯನ್ನು ನಾನು ಬಲ್ಲೆ.

ಕಂಪ್ಯೂಟರ್ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಒಳಗೆ ಕಂಪ್ಯೂಟರ್ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ನಮ್ಮನ್ನು ತಲುಪುತ್ತಿಲ್ಲ ಎಂದುಕೊಳ್ಳಬಹುದು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದು ಬೀಪ್ ಕೇಳಿಸಿ ಪರದೆ ಕ್ಷಣ ಮಿನುಗುತ್ತದೆ. ತೆರೆದಿಟ್ಟ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ಉಳಿಸದ ನಲವತ್ತು ಪುಟಗಳ ತಿದ್ದುಪಡಿ ಆ ಕಪ್ಪಿನ ಹಿಂದೆ ಸಿಕ್ಕಿಕೊಂಡಿದ್ದ ದಿನ ಈ ನಾಲ್ಕು ಕೀಲಿಗಳೇ ನನ್ನ ಕೈ ಹಿಡಿದವು. ಆದ್ದರಿಂದ ಗಾಬರಿಯಲ್ಲಿ ಮೊದಲೇ ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿಯಬೇಡಿ. ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿರುವ ತನಕ ನಿಮ್ಮ ಕೆಲಸ ಉಳಿದಿರುವ ಸಾಧ್ಯತೆ ಇದೆ.

ಆ ದೀಪವೂ ಹತ್ತದೆ, ಫ್ಯಾನ್ ಮಾತ್ರ ತಿರುಗುತ್ತಿದ್ದರೆ ದೋಷ ಪೆಟ್ಟಿಗೆಯೊಳಗಿನದು. ಸಡಿಲವಾಗಿ ಕುಳಿತ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಇದಕ್ಕೆ ಸಾಮಾನ್ಯ ಕಾರಣ. ಅದನ್ನು ಬಲ್ಲವರಿಂದಲೇ ತೆಗೆಸಿ ಕೂರಿಸಬೇಕು. ಮಾನಿಟರನ್ನು ಹೊತ್ತೊಯ್ದು ಪ್ರಯೋಜನವಿಲ್ಲ.

ಇನ್ನು ಕೇಬಲ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಎರಡೂ ತುದಿಗಳನ್ನು ಕಳಚಿ, ಒಳಗೆ ನೋಡಿ, ಮತ್ತೆ ನೇರವಾಗಿ ಒತ್ತಿ ಕೂರಿಸಬೇಕು. ಬರೀ ಅಲುಗಾಡಿಸಿ ನೋಡಿದರೆ ಸಾಲದು. ಅಲುಗಾಡಿಸಿದಾಗ ಬಂದ ಚಿತ್ರ ಮರುದಿನ ಹೋಗುತ್ತದೆ. ಎಚ್‌ಡಿಎಂಐ ತುದಿಯಲ್ಲಿ 19 ಪಿನ್‌ಗಳಿವೆ, ಹಿಡಿದುಕೊಳ್ಳಲು ತಿರುಪು ಇಲ್ಲ, ಹಾಗಾಗಿ ಮಾನಿಟರನ್ನು ಓರೆ ತಿರುಗಿಸಿದರೂ ಸಡಿಲವಾಗುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಹೆಚ್ಚಿನವುಗಳ ತುದಿಗೆ ಕೊಕ್ಕೆಯಿರುತ್ತದೆ, ಮೇಲಿನ ಗುಂಡಿಯನ್ನು ಅದುಮದೆ ಎಳೆದರೆ ಕಿಂಡಿಯೇ ಕಿತ್ತುಬರಬಹುದು. ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗದಲ್ಲಿ ಚಿತ್ರ ಹೊರಬರುವ ಕಿಂಡಿಗಳು ಎರಡು ಕಡೆ ಇರುವುದುಂಟು. ಮೇಲೆ ಉದ್ದಕ್ಕೆ ಇರುವವು ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನವು. ಕೆಳಗೆ ಅಡ್ಡವಾಗಿ ಇರುವವು ಚಿತ್ರಕ್ಕೆಂದೇ ಬೇರೆಯಾಗಿ ಹಾಕಿದ ಗ್ರಾಫಿಕ್ಸ್ ಕಾರ್ಡಿನವು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡ ಮೇಲೂ ಹಳೆಯ ಅಭ್ಯಾಸದಿಂದ ಮೇಲಿನ ಕಿಂಡಿಗೇ ಕೇಬಲ್ ಸಿಕ್ಕಿಸಿ, ‘ಹೊಸ ಕಾರ್ಡ್ ಕೆಟ್ಟದ್ದು’ ಎಂದು ವಾಪಸ್ ಕಳುಹಿಸಲು ಹೊರಟವರಿದ್ದಾರೆ. ಒಂದು ಕಿಂಡಿ ಕೆಳಗೆ ಸರಿಸಿದ್ದರೆ ಮುಗಿಯುತ್ತಿತ್ತು.

ಹಳೆಯ ವಿಜಿಎ ಕೇಬಲ್ ಬಳಸುವವರು ಇನ್ನೂ ಬಹಳ ಮಂದಿ ಇದ್ದಾರೆ. 1987ರಲ್ಲಿ ಐಬಿಎಂ ತಂದ ಈ ವ್ಯವಸ್ಥೆ ಇಷ್ಟು ವರ್ಷ ಬಾಳಿದ್ದು ದೊಡ್ಡ ಮಾತೇ. ಅದರ ತುದಿಯಲ್ಲಿ ಮೂರು ಸಾಲಾಗಿ ಹದಿನೈದು ಪಿನ್‌ಗಳ ಜಾಗವಿದೆ. ಕೆಂಪು, ಹಸಿರು, ನೀಲಿ ಬಣ್ಣಗಳು ಬೇರೆ ಬೇರೆ ಪಿನ್‌ಗಳಲ್ಲಿ ಬರುತ್ತವೆ. ಒಂದು ದಿನ ನನ್ನ ಪರದೆಯ ಬಿಳಿ ಹಾಳೆ ಇದ್ದಕ್ಕಿದ್ದ ಹಾಗೆ ನಿಂಬೆಹಣ್ಣಿನ ಹಳದಿಗೆ ತಿರುಗಿತು. ಕಪ್ಪು ಅಕ್ಷರ ಕಪ್ಪಾಗಿಯೇ ಇತ್ತು, ಕೆಂಪು ಗುರುತು ಕೆಂಪಾಗಿಯೇ ಇತ್ತು. ನೀಲಿಯಲ್ಲಿ ಹಾಕಿದ್ದ ಟಿಪ್ಪಣಿಗಳು ಮಾತ್ರ ಕಪ್ಪಾಗಿ, ಉಳಿದ ಅಕ್ಷರಗಳೊಂದಿಗೆ ಬೆರೆತುಹೋಗಿದ್ದವು! ಕೇಬಲ್ ಕಳಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಒಂದು ಪಿನ್ ಪಕ್ಕಕ್ಕೆ ಮಲಗಿತ್ತು, ಗಾಳಿಗೆ ಬಾಗಿದ ಪೈರಿನ ಹಾಗೆ. ನೀಲಿ ಹೋದರೆ ಬಿಳಿ ಹಳದಿಯಾಗುತ್ತದೆ, ಹಸಿರು ಹೋದರೆ ನೇರಳೆಗೆಂಪಾಗುತ್ತದೆ, ಕೆಂಪು ಹೋದರೆ ಹಸಿರುನೀಲಿಯಾಗುತ್ತದೆ. ಬಣ್ಣವೇ ದೋಷದ ಗುರುತು ಕೊಟ್ಟುಬಿಡುತ್ತದೆ. ಸೂಜಿಯ ತುದಿಯಿಂದ ಆ ಪಿನ್ನನ್ನು ಬಹಳ ಮೆಲ್ಲಗೆ ನೆಟ್ಟಗೆ ಮಾಡಿದೆ, ನೀಲಿ ಮರಳಿತು. ಒಂಬತ್ತನೆಯ ಪಿನ್ ಹಲವು ಕೇಬಲ್‌ಗಳಲ್ಲಿ ಮೊದಲಿನಿಂದಲೇ ಇರುವುದಿಲ್ಲ, ಅದು ಕಾಣದಿದ್ದರೆ ಮುರಿದಿದೆ ಎಂದು ಭಯಪಡಬೇಕಿಲ್ಲ.

ನನ್ನ ವೃತ್ತಿಯವರಿಗೆ ಕಪ್ಪು ಪರದೆಗಿಂತ ಹೆಚ್ಚು ಅಪಾಯ ಮಾಡುವುದು ಮಸುಕು ಪರದೆ. ಕಪ್ಪಾದರೆ ಕೆಲಸ ನಿಲ್ಲುತ್ತದೆ ಅಷ್ಟೆ. ಮಸುಕಾದರೆ ತಪ್ಪು ಒಳಗೆ ನುಸುಳಿ ಮುದ್ರಣವಾಗಿಬಿಡುತ್ತದೆ. ಕನ್ನಡದಲ್ಲಿ ‘ದ’ ಮತ್ತು ‘ಧ’ಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಪುಟ್ಟ ಸೀಳು. ‘ಡ’ ‘ಢ’ಗಳೂ ಹಾಗೆಯೇ, ‘ಪ’ ‘ಫ’ಗಳೂ ಹಾಗೆಯೇ. ಒಂದು ಪುಸ್ತಕದಲ್ಲಿ ‘ಧಾರೆ’ ಎಂಬ ಪದ ಎಂಟು ಕಡೆ ‘ದಾರೆ’ ಎಂದು ಉಳಿದುಬಿಟ್ಟಿದ್ದನ್ನು ಕಾಗದದ ಕರಡಿನಲ್ಲಿ ಕಂಡು ಬೆಚ್ಚಿದೆ. ಕಣ್ಣು ಮಂಜಾಯಿತೇ ಎಂದು ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಕನ್ನಡಕ ಸರಿಯಾಗಿಯೇ ಇತ್ತು. ಡ್ರೈವರ್ ಬದಲಾದಾಗ ಪರದೆಯ ರೆಸಲ್ಯೂಶನ್, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕ, ತಾನಾಗಿ ಕೆಳಗಿಳಿದಿತ್ತು.

ಎಲ್‌ಸಿಡಿ ಪರದೆಯಲ್ಲಿ, ಅಂದರೆ ಈಗಿನ ತೆಳ್ಳನೆಯ ಪರದೆಯಲ್ಲಿ, ಚುಕ್ಕೆಗಳ ಲೆಕ್ಕ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ನನ್ನದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳು. ಕಂಪ್ಯೂಟರ್ ಅದಕ್ಕಿಂತ ಕಡಿಮೆ ಲೆಕ್ಕದ ಚಿತ್ರವನ್ನು ಕಳುಹಿಸಿದರೆ ಮಾನಿಟರ್ ಅದನ್ನು ಹಿಗ್ಗಿಸಿ ತುಂಬಿಸಬೇಕು. ಒಂದು ಚುಕ್ಕೆಯನ್ನು ಒಂದೂವರೆ ಚುಕ್ಕೆಯ ಜಾಗಕ್ಕೆ ಹರಡಿದರೆ ಅಂಚು ಕದಡದೆ ಇರುತ್ತದೆಯೇ? ಮೊದಲು ಮುಚ್ಚಿಹೋಗುವುದೇ ಆ ಸೀಳು, ಆಮೇಲೆ ಒತ್ತಕ್ಷರದ ಹೊಟ್ಟೆ. ಆದ್ದರಿಂದ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವ ರೆಸಲ್ಯೂಶನ್ ಅನ್ನೇ ಇಟ್ಟುಕೊಳ್ಳಿ. ಅಕ್ಷರ ಚಿಕ್ಕದೆನಿಸಿದರೆ ಅದರ ಪಕ್ಕದಲ್ಲೇ ಇರುವ ‘ಸ್ಕೇಲ್’ ಅನ್ನು ಶೇಕಡಾ 125ಕ್ಕೋ 150ಕ್ಕೋ ಏರಿಸಿ. ಹಿರಿಯರಿಗೆ ಅಕ್ಷರ ದೊಡ್ಡದಾಗಲಿ ಎಂದು ರೆಸಲ್ಯೂಶನ್ ಇಳಿಸಿಕೊಡುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ದೊಡ್ಡ ಮಸುಕು ಅಕ್ಷರ ಸಣ್ಣ ಸ್ಪಷ್ಟ ಅಕ್ಷರಕ್ಕಿಂತ ಕಣ್ಣಿಗೆ ಹೆಚ್ಚು ಭಾರ. ವಿಜಿಎ ಕೇಬಲ್ ಇದ್ದವರು ಮಾನಿಟರ್ ಮೆನುವಿನ ‘ಆಟೋ ಅಡ್ಜಸ್ಟ್’ ಅನ್ನೂ ಒಮ್ಮೆ ಒತ್ತಬೇಕು. ಎಚ್‌ಡಿಎಂಐಯಲ್ಲಿ ಚಿತ್ರದ ಅಂಚುಗಳು ಪರದೆಯಿಂದ ಹೊರಗೆ ಕತ್ತರಿಸಿಹೋಗುತ್ತಿದ್ದರೆ ಅದು ‘ಓವರ್‌ಸ್ಕ್ಯಾನ್’, ಟೆಲಿವಿಷನ್ ಕಾಲದಿಂದ ಬಂದ ರೂಢಿ. ಮೆನುವಿನಲ್ಲೇ ನಿಲ್ಲಿಸಬಹುದು.

‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’ ಎಂದು ಬಂದರೆ ಚಿತ್ರ ತಲುಪಿದೆ, ಆದರೆ ಅದನ್ನು ತೋರಿಸುವ ಶಕ್ತಿ ಈ ಮಾನಿಟರಿಗಿಲ್ಲ ಎಂದರ್ಥ. ರೆಸಲ್ಯೂಶನ್ನೋ ಸೆಕೆಂಡಿಗೆ ಚಿತ್ರ ಬದಲಾಗುವ ವೇಗವೋ ಮಿತಿ ಮೀರಿದೆ. ನಮ್ಮ ಹುಡುಗ ಆಟವೊಂದರೊಳಗೆ ಹೀಗೆ ಮಾಡಿಕೊಂಡು ಅತ್ತಿದ್ದ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ್ದಾದರೆ ಏನನ್ನೂ ಒತ್ತದೆ 15 ಸೆಕೆಂಡು ಸುಮ್ಮನಿದ್ದರೆ ಅದೇ ಹಿಂದಕ್ಕೆ ಬರುತ್ತದೆ. ಇಲ್ಲದಿದ್ದರೆ ಅಗತ್ಯದ್ದನ್ನಷ್ಟೇ ನಡೆಸುವ ಸೇಫ್ ಮೋಡ್‌ನಲ್ಲಿ ತೆರೆದು ಸರಿಪಡಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮಾನಿಟರ್ ಕೆಡುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ಕೆಡುತ್ತದೆ. ಅದನ್ನು ಕಂಡುಹಿಡಿಯುವುದಕ್ಕೂ ದಾರಿಗಳಿವೆ. ಪರದೆಯ ಮೇಲೆ ನೆಟ್ಟಗೆ ಒಂದು ಗೆರೆ ಎದ್ದಿದೆ ಎನ್ನಿ. ಮಾನಿಟರ್‌ನ ಮೆನುವನ್ನು ಆ ಗೆರೆಯಿರುವ ಜಾಗಕ್ಕೆ ತನ್ನಿ. ಗೆರೆ ಮೆನುವಿನ ಮೇಲೂ ಹಾದುಹೋದರೆ ಅದು ಪ್ಯಾನೆಲ್‌ನದೇ ದೋಷ. ಮೆನು ಶುದ್ಧವಾಗಿದ್ದು ಅದರ ಹಿಂದಿನ ಚಿತ್ರ ಮಾತ್ರ ಹಾಳಾಗಿದ್ದರೆ ದೋಷ ಕೇಬಲ್‌ನಲ್ಲೋ ಗ್ರಾಫಿಕ್ಸ್‌ನಲ್ಲೋ ಇದೆ. ಪರದೆ ಪೂರ್ತಿ ಕಪ್ಪಾಗಿದ್ದು ದೀಪ ಮಾತ್ರ ಉರಿಯುತ್ತಿದ್ದರೆ ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಐಕಾನ್‌ಗಳು, ಗಡಿಯಾರ, ತೆರೆದ ಕಡತದ ಸಾಲುಗಳು ನೀರಿನ ತಳದಲ್ಲಿರುವ ಹಾಗೆ ಮಂಕಾಗಿ ಕಂಡರೆ ಚಿತ್ರ ಮೂಡುತ್ತಿದೆ, ಹಿಂದಿನ ಬೆಳಕು ಆರಿದೆ. ಮೊದಲ ಸಲ ಅದನ್ನು ಕಂಡಾಗ ನನ್ನ ಮೈ ಜುಮ್ಮೆಂದಿತು. ಕಳೆದುಹೋಯಿತು ಎಂದುಕೊಂಡಿದ್ದ ಪುಟ ಅಲ್ಲೇ ಕತ್ತಲಲ್ಲಿ ಕುಳಿತಿತ್ತು! ಆ ಮಂದ ಬೆಳಕಿನಲ್ಲಿ ಸಾಲುಗಳನ್ನು ಓದುವುದು ಕಷ್ಟವಾಗಿತ್ತು, ಕಂಟ್ರೋಲ್ ಜೊತೆ ಎಸ್ ಒತ್ತಿ ಕಡತ ಉಳಿಸಲು ಮಾತ್ರ ಅಷ್ಟು ಬೆಳಕು ಸಾಕಾಯಿತು.

ಹಳೆಯ ಮಾನಿಟರ್‌ಗಳಲ್ಲಿ ಹಿಂದಿನ ಬೆಳಕಿಗೆ ಕೊಳವೆ ದೀಪಗಳನ್ನು ಬಳಸುತ್ತಿದ್ದರು. ಅವು ಮುದಿಯಾದಾಗ ಪರದೆ ಗುಲಾಬಿ ಛಾಯೆಯಲ್ಲಿ ಹೊತ್ತಿ ಎರಡು ಸೆಕೆಂಡಿನಲ್ಲಿ ಆರುವುದುಂಟು. ಆ ಕೊಳವೆಗಳಲ್ಲಿ ಪಾದರಸವಿದೆ, ಅವನ್ನು ಕಸದ ಬುಟ್ಟಿಗೆ ಎಸೆಯಬಾರದು. ಇನ್ನು ಕೆಲವು ಮಾನಿಟರ್‌ಗಳಲ್ಲಿ ವಿದ್ಯುತ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಡುವ ಬಿಡಿಭಾಗಗಳಾದ ಕೆಪಾಸಿಟರ್‌ಗಳು ಊದಿಕೊಂಡು ಪರದೆ ಹತ್ತಿ ಆರುತ್ತಿರುತ್ತದೆ. ಬಲ್ಲ ಕೈಗೆ ಅದು ಸಣ್ಣ ದುರಸ್ತಿ. ಆದರೆ ಹಿಂದಿನ ಮುಚ್ಚಳವನ್ನು ನಾವು ತೆರೆಯಬಾರದು. ತಂತಿ ಕಳಚಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ, ಅದು ಜೀವಕ್ಕೆ ಅಪಾಯ. ಗಾಜಿನ ಕೊಳವೆಯ ಮಾನಿಟರ್‌ಗಳಲ್ಲಂತೂ ಅದು ಸಾವಿರಾರು ವೋಲ್ಟ್. ಈ ಒಂದು ಕಡೆ ಮಾತ್ರ ಸ್ವಂತ ಧೈರ್ಯ ಬೇಡ.

ನಾನು ದುರಸ್ತಿ ಮಾಡುವವರ ವಿರುದ್ಧ ಬರೆಯುತ್ತಿಲ್ಲ. ಅವರಲ್ಲಿ ಹಲವರು ನನ್ನ ಕೆಲಸವನ್ನು ಎಷ್ಟೋ ಸಲ ಕಾಪಾಡಿದ್ದಾರೆ. ನಾನು ಕೇಳುವುದು ಇಷ್ಟೇ: ತೀರ್ಪು ಹೇಳುವ ಮೊದಲು ಬೇರೊಂದು ಕೇಬಲ್‌ನಿಂದ ಒಮ್ಮೆ, ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಒಮ್ಮೆ, ಮಾನಿಟರ್ ಇಟ್ಟುಕೊಂಡವರ ಎದುರಿನಲ್ಲೇ ಪರೀಕ್ಷಿಸಿ ತೋರಿಸಲಿ. ಹತ್ತು ನಿಮಿಷವೂ ಬೇಕಿಲ್ಲ. ತೋರಿಸದಿದ್ದರೆ ನಾವೇ ಕೇಳಬೇಕು, ಅದರಲ್ಲಿ ಸಂಕೋಚವೇನೂ ಇಲ್ಲ. ಆ ರಾತ್ರಿ ನಾನು ಕೇಳಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇದು. ಪರದೆಯ ಮೇಲೆ ಮೂಡುವ ಸಂದೇಶಗಳು ಹೆಚ್ಚೆಂದರೆ ಆರೇಳು. ಅವುಗಳ ಅರ್ಥವನ್ನೂ ಮೊದಲು ನೋಡಬೇಕಾದ ಜಾಗವನ್ನೂ ಕನ್ನಡದಲ್ಲಿ, ಕತ್ತರಿಸಿ ಇಟ್ಟುಕೊಳ್ಳಬಹುದಾದ ಅಳತೆಯಲ್ಲಿ, ನಿಮ್ಮ ತಂತ್ರಜ್ಞಾನ ಪುಟದಲ್ಲಿ ಒಮ್ಮೆ ಅಚ್ಚು ಹಾಕಿ. ಅಕ್ಷರ ದೊಡ್ಡದಾಗಿರಲಿ, ಕಣ್ಣು ಮಂದವಾದವರೂ ಓದುವಂತಿರಲಿ. ಪರದೆ ಕಪ್ಪಾದಾಗ ಕಂಪ್ಯೂಟರಿನಲ್ಲಿ ಹುಡುಕಿ ಓದಲಾಗುವುದಿಲ್ಲ. ಆ ಹೊತ್ತಿಗೆ ಕೈಯಲ್ಲಿ ಕಾಗದವೇ ಇರಬೇಕು. ನನ್ನ ಮಾನಿಟರ್‌ನ ಬೆನ್ನಿಗೆ ನಾನೇ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ. ಮೊದಲ ಸಾಲು ‘ಕೇಬಲ್, ಎರಡೂ ತುದಿ’. ಎರಡನೆಯದು ‘ಇನ್‌ಪುಟ್ ಯಾವುದು?’ ಮೂರನೆಯದು ‘ಕ್ಯಾಪ್ಸ್ ಲಾಕ್’. ನಿಮ್ಮಲ್ಲಿ ಅಚ್ಚಾದ ದಿನ ಈ ಚೀಟಿಯನ್ನು ಕಿತ್ತು ಅದನ್ನು ಅಂಟಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಅಕ್ಷರ ಜೋಡಿಸುವ ಒಬ್ಬ ಓದುಗಿ